ತಾಗದ ಚೆಂಡು

ಮಕ್ತಲ್ ಸೀಮೆಯಲ್ಲಿ ಜೋಳ ಹಾಲುಗಟ್ಟುವ ಹೊತ್ತಿಗೆ ಜಂಬಪ್ಪನಿಗೆ ಎಲ್ಲಿಲ್ಲದ ಬೆಲೆ ಬರುತ್ತಿತ್ತು. ಅಟ್ಟಣಿಗೆಯ ಮೇಲೆ ನಿಂತು ಅವನು ಕವಣೆ ಬೀಸಿದರೆ ಕಲ್ಲು ಗಿಳಿಯ ರೆಕ್ಕೆಯ ಪಕ್ಕದಲ್ಲೇ ಹಾದುಹೋಗುತ್ತಿತ್ತು, ಗಿಳಿಗೆ ಮಾತ್ರ ತಾಗುತ್ತಿರಲಿಲ್ಲ. ಹಾಲುಗಾಳಿನ ಮೇಲೆ ರಕ್ತ ಬಿದ್ದರೆ ಕಾಳಿನ ಹಗೇವು ತುಂಬುವುದಿಲ್ಲ ಎಂದು ಅವನಪ್ಪ ಹೇಳಿಕೊಟ್ಟಿದ್ದ. ಹಾಗಾಗಿ ಹಕ್ಕಿ ಕಾಯುವ ಕಸುಬೆಂದರೆ ತಪ್ಪಿಸಿ ಎಸೆಯುವ ಕಸುಬು ಎಂದೇ ಜಂಬಪ್ಪ ತಿಳಿದಿದ್ದ.

ಊರಿನವರು ಪಂತ ಕಟ್ಟಿ ಹೊಲದ ಬದುವಿನ ಮೇಲೆ ಸಾಲಾಗಿ ನಿಲ್ಲುತ್ತಿದ್ದರು. ಕಲ್ಲು ಸುಂಯ್ ಎಂದು ಕಿವಿಯ ಪಕ್ಕ ಹಾದು ಅವರ ಹಿಂದಿನ ತೆನೆಯನ್ನು ಮುರಿಯುತ್ತಿತ್ತು. ಜಂಬಪ್ಪನ ಷರತ್ತು ಒಂದೇ.

“ಅಲ್ಲಾಡಬ್ಯಾಡ್ರಿ. ಸುಮ್ನ ನಿಂತಾವ್ರಿಗೆ ತಾಗಂಗಿಲ್ಲ. ಅಲ್ಲಾಡಿದಾವ್ರ ಜವಾಬ್ದಾರಿ ನಂದಲ್ರಿ.”

ಗದ್ವಾಲದ ಮಿಷನ್ ಬಂಗಲೆಯಲ್ಲಿ ಬಾವಿ ತೋಡಿಸಲು ಬಂದಿದ್ದ ಅಮೆರಿಕದ ದೊರೆಯೊಬ್ಬ ಒಮ್ಮೆ ಬಂಡಿಯಲ್ಲಿ ಹೋಗುತ್ತಾ ಇದನ್ನು ನೋಡಿ ಅಲ್ಲೇ ಇಳಿದುಬಿಟ್ಟ. ಬಾವಿಯ ಕೆಲಸಕ್ಕೆ ಬರುವ ಮೊದಲು ಆ ಮನುಷ್ಯ ತನ್ನ ದೇಶದಲ್ಲಿ ಬೇಸ್‌ಬಾಲ್ ಆಡಿಯೇ ಹೊಟ್ಟೆ ಹೊರೆದಿದ್ದನಂತೆ. ಭುಜದ ಕೀಲು ತಪ್ಪಿದ ಮೇಲೆ ಆಟ ಬಿಟ್ಟಿದ್ದ. ಒಬ್ಬ ದೊಣ್ಣೆ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಅವನ ದೊಣ್ಣೆಗೆ ಸಿಗದಂತೆ ಚೆಂಡು ಎಸೆಯುತ್ತಾನೆ, ದೊಣ್ಣೆಯವನ ಹಿಂದೆ ಕೂತವನು ಅದನ್ನು ಹಿಡಿಯುತ್ತಾನೆ ಎಂದು ತನ್ನ ಮುರುಕು ತೆಲುಗಿನಲ್ಲಿ ವಿವರಿಸಿದ. ಜಂಬಪ್ಪ ನಕ್ಕುಬಿಟ್ಟ. ಇದರಲ್ಲಿ ಕಲಿಯುವುದೇನಿದೆ, ಗಿಳಿಯ ಬದಲು ದೊಣ್ಣೆ, ಅಷ್ಟೇ!

ಹೀಗೆ ಜಂಬಪ್ಪ ದೊರೆಯ ಬಳಿ ಪಗಾರದ ಆಟಗಾರನಾದ. ಹೆಂಡತಿ ಎಂಕಮ್ಮನಿಗೆ ನಂಬಿಕೆಯೇ ಬರಲಿಲ್ಲ. “ಚೆಂಡು ಒಗಿಯಾಕ ಪಗಾರ ಕೊಡತಾರಂದ್ರ ಆ ದೊರೆಗೆ ಬಿಸಲು ತಲಿಗೇರೇತಿ,” ಎಂದಳು. ಆದರೂ ಪಗಾರವನ್ನು ಸೆರಗಿನ ಗಂಟಿಗೆ ಹಾಕಿಕೊಳ್ಳಲು ಮರೆಯಲಿಲ್ಲ.

ಚೆಂಡು ಹಿಡಿಯಲು ಸಿಕ್ಕವನು ಮೌಲಪ್ಪ. ಮಕ್ತಲ್ ಅಂಚಿನಲ್ಲಿ ಮನೆಯಿದ್ದ ಪಿಂಜಾರ, ಕಮಾನು ಹೆಗಲಿಗೇರಿಸಿ ಊರೂರು ತಿರುಗಿ ಗಾದಿಗೆ ಹತ್ತಿ ಹಿಂಜಿಕೊಡುವವನು. ಜಂಬಪ್ಪನಿಗಿಂತ ನಾಲ್ಕಾರು ವರ್ಷ ಹಿರಿಯ. ದೊರೆಯ ಚರ್ಮದ ಗವಸು ಅವನ ಅಗಲ ಅಂಗೈಗೆ ಒಗ್ಗದೆ, ಹಳೆ ಜಮಖಾನೆಯ ತುಂಡು ಹೊಲಿದು ಒಳಗೆ ಹತ್ತಿ ತುಂಬಿ ಬಲಗೈಗೆ ತನ್ನದೇ ಗವಸು ಮಾಡಿಕೊಂಡ. ಚೆಂಡು ಅದರೊಳಗೆ ಬಿದ್ದರೆ ಮಗು ಮಗ್ಗುಲು ಬದಲಿಸಿದಷ್ಟೇ ಸದ್ದು.

ಯುದ್ಧದ ಕಾಲದಲ್ಲಿ ಅಮೆರಿಕದ ಸೋಲ್ಜರರು ರೈಲಿನಲ್ಲಿ ಬಂದಾಗ ಗದ್ವಾಲದ ಬಯಲಿನಲ್ಲಿ ಆಟ ನಡೆಯುತ್ತಿತ್ತು. ಆ ದಿನಗಳು ಜಂಬಪ್ಪನಿಗೆ ಆಮೇಲೆ ಮಂಪರಿನಲ್ಲಿ ಕಂಡ ಹಾಗೆ ಮಾತ್ರ ನೆನಪಿದ್ದವು: ಕೋಟೆಯ ಗೋಡೆಯ ಮೇಲಿನ ಹಳದಿ ಬಿಸಿಲು, ನೂಲು ಬಣ್ಣಕ್ಕೆ ಅದ್ದಿ ಒಣಹಾಕಿದ ನೇಕಾರರ ಓಣಿ, ಕೆಂಪು ಮುಖದ ಸೋಲ್ಜರರು ಬರೀ ಗಾಳಿಗೆ ದೊಣ್ಣೆ ಬೀಸಿ ನಗುವುದು. ಇವೆಲ್ಲದರ ಆಚೆ ಕುಕ್ಕರಗಾಲಲ್ಲಿ ಕೂತ ಮೌಲಪ್ಪನ ಗವಸು. ಎಸೆಯುವಾಗ ಜಂಬಪ್ಪನಿಗೆ ಮನುಷ್ಯರು ಕಾಣುತ್ತಿರಲಿಲ್ಲ, ಮನುಷ್ಯರ ನಡುವಿನ ಖಾಲಿ ಜಾಗ ಕಾಣುತ್ತಿತ್ತು.

ಯುದ್ಧ ಮುಗಿದು ಸೋಲ್ಜರರು ಹೋದರು. ಮುಂದಿನ ಚಳಿಗಾಲಕ್ಕೆ ಇಬ್ಬರನ್ನೂ ಮುಂಬಯಿಗೆ ಕರೆದೊಯ್ಯುತ್ತೇನೆ, ಅಲ್ಲಿ ದೊಡ್ಡ ಆಟವಿದೆ ಎಂದು ದೊರೆ ಹೇಳುತ್ತಲೇ ಇದ್ದ. ಅಷ್ಟರಲ್ಲಿ ನಿಜಾಮನ ಕಡೆಯ ರಜಾಕಾರರ ಕಾಲ ಬಂತು. ಆ ಬೇಸಿಗೆಯಲ್ಲಿ ಅವರು ಊರಿನ ರೈತ ಎಲ್ಲಪ್ಪನ ಬಣವೆ ಸುಟ್ಟರು, ಕಣ್ಣೆದುರೇ ಎತ್ತುಗಳು ಬೆಂದವು. ಮಳೆಗಾಲ ಮುಗಿಯುವ ಮೊದಲೇ ಪೊಲೀಸ್ ಆಕ್ಷನ್ ಆಗಿ ಹಿಂದೂಸ್ತಾನದ ದಂಡು ನಾರಾಯಣಪೇಟೆಯ ದಾರಿ ಹಿಡಿದು ಹೋಯಿತು. ಬಣವೆ ಸುಟ್ಟವರು ಓಡಿಹೋಗಿದ್ದರು. ಎಲ್ಲಪ್ಪನ ಹೊಟ್ಟೆಯ ಬೆಂಕಿ ಮಾತ್ರ ಆರಿರಲಿಲ್ಲ. ಅದಕ್ಕೆ ಸಿಕ್ಕವನು ಮೌಲಪ್ಪ, ಅವನ ಮುಸಲ್ಮಾನ ಹೆಸರೊಂದೇ ಸಾಕಾಗಿತ್ತು.

ಅಟ್ಟಣಿಗೆಯ ಮೇಲಿದ್ದ ಜಂಬಪ್ಪನಿಗೆ ಜೋಳದ ತೆನೆಗಳ ಮೇಲೆ ಕೊಡಲಿ, ಬಡಿಗೆಗಳು ತೇಲಿಹೋಗುವುದು ಕಂಡಿತು. ಕೆಳಗಿನ ಜನ ಕಾಣದಿದ್ದರೂ ಅದು ಮೌಲಪ್ಪನ ಮನೆಯ ದಿಕ್ಕೆಂದು ತಿಳಿಯಿತು. ಉಡಿಯಲ್ಲಿದ್ದ ಚೆಂಡು ಹಿಡಿದು ಓಡಿದ.

ಅವನು ಬರುವಷ್ಟರಲ್ಲಿ ಜನ ಮನೆ ಮುಂದೆ ಸೇರಿದ್ದರು. ಮೌಲಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಜಂಬಪ್ಪ ಜನರ ಹಿಂದಿದ್ದ ಬೇವಿನ ಕಟ್ಟೆ ಹತ್ತಿದ.

“ಎಲ್ಲಪ್ಪಣ್ಣ, ನಿನ್ನ ಬಣವಿ ಇವ ಸುಟ್ಟಾನೇನು?”

“ಸುಟ್ಟಾವ್ರು ಸಿಗಂಗಿಲ್ಲ, ಜಂಬಪ್ಪ. ನೀ ದೂರ ಸರಿ,” ಎಂದ ಎಲ್ಲಪ್ಪ, ಹಿಂದಿರುಗಿ ನೋಡದೆ.

“ಕಲ್ಲು ಒಗೀತಾನೇನೋ!” ಎಂದು ಯಾರೋ ನಕ್ಕರು. “ಇವನ ಕಲ್ಲು ಇಲ್ಲೀತನ ಯಾರಿಗೆ ತಾಗೇತಿ?”

ಅದು ನಿಜವೇ ಆಗಿತ್ತು. ಹೆದರಿಸೋಣವೆಂದರೆ ತಾಗಿಸದ ಕೈ ಎಂದು ಸೀಮೆಗೆಲ್ಲ ಗೊತ್ತು. ಆಗ ಜನರ ತಲೆಗಳ ನಡುವಿನ ಖಾಲಿ ಜಾಗ ಅವನಿಗೆ ಕಂಡಿತು.

“ಮೌಲಣ್ಣ, ಗವಸು ಹಾಕ್ಕೊಂಡು ಕುಂದ್ರು!” ಎಂದು ಕೂಗಿದ. “ಮಂದಿಗೆಲ್ಲ ಹೇಳತೀನಿ ಕೇಳ್ರಿ, ಯಾರೂ ಅಲ್ಲಾಡಬ್ಯಾಡ್ರಿ.”

ಮೌಲಪ್ಪ ಬಾಗಿಲ ಗೂಟದಲ್ಲಿದ್ದ ಗವಸು ತೊಟ್ಟು ಕುಕ್ಕರಗಾಲಲ್ಲಿ ಕೂತ. ಮೊದಲ ಚೆಂಡು ಎಲ್ಲಪ್ಪನ ಕಿವಿಯ ಪಕ್ಕದಲ್ಲಿ ಹಾದು ಗವಸಿಗೆ ಬಿತ್ತು. ಮೌಲಪ್ಪ ಅದನ್ನು ಎಲ್ಲರ ತಲೆಯ ಮೇಲಿಂದ ತೇಲಿಸಿ ವಾಪಸ್ಸು ಎಸೆದ. ಮುಂದಿನದು ಇಬ್ಬರ ಕೆನ್ನೆಗಳ ನಡುವೆ ಹೋಯಿತು. ಒಬ್ಬ ಹೆಜ್ಜೆ ಕಿತ್ತ. ಅವನ ರುಮಾಲು ಹಾರಿ ಮಣ್ಣಿಗೆ ಬಿತ್ತು. ಆಮೇಲೆ ಯಾರೂ ಕದಲಲಿಲ್ಲ. ಬದುವಿನ ಮೇಲೆ ಪಂತ ಕಟ್ಟಿ ನಿಂತು ಬೆಳೆದ ಮೈಗಳು ಅವು, ಹೇಗೆ ನಿಲ್ಲಬೇಕೆಂಬುದು ಅವುಗಳಿಗೆ ತಿಳಿದಿತ್ತು.

ಎಸೆಯುವುದು ನಿಂತರೆ ಜನ ಕದಲುತ್ತಾರೆ, ಜನ ಕದಲಿದರೆ ಮೌಲಪ್ಪ ಉಳಿಯುವುದಿಲ್ಲ. ಜಂಬಪ್ಪ ಎಸೆಯುತ್ತಲೇ ಹೋದ. ಹೊತ್ತು ಇಳಿಯತೊಡಗಿತು. ಚೆಂಡು ಹೋಗುವುದು, ತೇಲಿ ಬರುವುದು, ಮತ್ತೆ ಹೋಗುವುದು. ಗದ್ವಾಲದ ಹಳದಿ ಬಿಸಿಲು ಇಲ್ಲಿಗೇ ಬಂದಂತಿತ್ತು. ಇದೇ ಮುಂಬಯಿಯ ದೊಡ್ಡ ಆಟವೇನೋ ಎಂದು ಒಮ್ಮೆ ಅವನಿಗೆ ಅನ್ನಿಸಿತು.

ಗವಸಿನ ಹೊಲಿಗೆ ಬಿಚ್ಚಿರಬೇಕು. ಒಂದೊಂದು ಚೆಂಡಿಗೂ ಒಂದು ಹಿಡಿ ಹತ್ತಿ ಎದ್ದು ಜನರ ಮೇಲೆ ನಿಧಾನ ತೇಲಿತು. ಹೆಗಲ ಮೇಲೆ, ಮೀಸೆಯ ಮೇಲೆ, ಕೊಡಲಿಯ ಕಾವಿನ ಮೇಲೆ ಕೂತಿತು. ಕೊಡವಿಕೊಳ್ಳಲು ಯಾರೂ ಕೈ ಎತ್ತಲಿಲ್ಲ.

ಕೊನೆಗೆ ಎಲ್ಲಪ್ಪನ ಭುಜ ಅದುರಿತು. ಅವನು ಅಳುತ್ತಿದ್ದ.

“ನನ್ನ ಮಗಳ ಬಾಣಂತನದ ಗಾದೀಗೆ ಇವನೇ ಹತ್ತಿ ಹಿಂಜಿಕೊಟ್ಟಾಂವ,” ಎಂದ. ಬಡಿಗೆ ಅವನ ಕೈಯಿಂದ ಜಾರಿತು. “ಹೊತ್ತು ಮುಳುಗಾಕ ಬಂತು, ಜಂಬಪ್ಪ. ಸಾಕು ಮಾಡು. ಮನಿಗೆ ಹೋಗತೀವಿ.”

ಜಂಬಪ್ಪನ ಕೈ ಕೆಳಗಿಳಿಯಿತು. ಜನ ಒಬ್ಬೊಬ್ಬರಾಗಿ, ಒಬ್ಬರ ಮುಖ ಒಬ್ಬರು ನೋಡದೆ ಕರಗಿದರು. ಅವನು ಓಡಿಹೋಗಿ ಮೌಲಪ್ಪನ ಕೈ ಹಿಡಿದ. ಗವಸು ಬರೀ ಬಟ್ಟೆಯಾಗಿತ್ತು, ಒಳಗೆ ಹತ್ತಿಯೇ ಇರಲಿಲ್ಲ. ಬೆರಳುಗಳು ಬಾತು ಒಂದೊಂದು ಒಂದೊಂದು ಕಡೆ ತಿರುಗಿದ್ದವು.

“ಯಾವಾಗ ಮುರದಾವು? ಒಂದು ಮಾತು ಹೇಳಬಾರದಾ, ಮೌಲಣ್ಣ?”

“ಹೇಳಿದ್ರ ನೀ ಮೆಲ್ಲಗ ಒಗೀತಿದ್ದಿ, ತಮ್ಮಾ,” ಎಂದ ಮೌಲಪ್ಪ. “ಮೆಲ್ಲಗ ಒಗದ್ರ ಅವರು ಅಲ್ಲಾಡತಿದ್ರು.”

ಜಂಬಪ್ಪ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಚಳಿಗಾಲದಲ್ಲಿ ದೊರೆ ಮುಂಬಯಿಗೆ ಕರೆಯಲು ಬಂದ. ಹಿಡಿಯಲು ಬೇರೊಬ್ಬನನ್ನು ಹುಡುಕೋಣ ಎಂದ. ಜಂಬಪ್ಪ ಚೆಂಡನ್ನು ಅವನ ಕೈಗಿಟ್ಟು ಕೈಮುಗಿದ. ಮೌಲಪ್ಪನ ಬಲಗೈ ಇನ್ನು ಹತ್ತಿ ಹಿಂಜುವ ಕಟ್ಟಿಗೆಯ ಕೊಡತಿ ಹಿಡಿಯುವಂತಿರಲಿಲ್ಲ, ಕೊಡತಿ ಬೀಳದೆ ಕಮಾನಿನ ನರ ಮಿಡಿಯುವುದಿಲ್ಲ, ನರ ಮಿಡಿಯದೆ ಹತ್ತಿ ಬಿಡಿಯಾಗುವುದಿಲ್ಲ.

ಆ ವರ್ಷದಿಂದ ಉಟ್ಕೂರಿನಿಂದ ಇಟಿಕ್ಯಾಲದವರೆಗೆ ಗಾದಿ ತುಂಬಿಸುವವರ ಅಂಗಳದಲ್ಲಿ ಇಬ್ಬರು ಎದುರುಬದುರು ಕೂರತೊಡಗಿದರು. ಮೌಲಪ್ಪ ಎಡಗೈಯಲ್ಲಿ ಕಮಾನು ಹಿಡಿಯುತ್ತಿದ್ದ, ಜಂಬಪ್ಪ ಕೊಡತಿ ಬೀಸುತ್ತಿದ್ದ. ಮೊದಮೊದಲು ಅಭ್ಯಾಸ ಬಿಡದೆ ಕೊಡತಿ ನರದ ಪಕ್ಕದಲ್ಲೇ ಹಾದುಹೋಗುತ್ತಿತ್ತು.

“ತಾಗಸಬೇಕು, ತಮ್ಮಾ,” ಎಂದು ಮೌಲಪ್ಪ ನಗುತ್ತಿದ್ದ. “ಇದಕ್ಕ ತಾಗಸಬೇಕು.”