ಹೊಂಡದ ಬದಿಯ ನೊಣ

ಮುಷ್ಟಿಯೊಳಗೆ ಅದು ಗುಂಯ್‌ಗುಡುತ್ತಿತ್ತು. ಕಚ್ಚಲಿ ಎಂದು ಸುನಂದಾ ಕಣ್ಣು ಮುಚ್ಚಿ ಕಾದಳು. ಕಚ್ಚಿದ್ದರೆ ಎದೆ ಎಷ್ಟೋ ಹಗುರಾಗುತ್ತಿತ್ತು. ಕಚ್ಚಲಿಲ್ಲ.

ಅವಳ ನಿಂಬೆ ತೋಟದ ಹೊಂಡದ ಮೇಲೆ ಇಂಥವು ಇನ್ನೂ ಹತ್ತಾರು ಹಾರಾಡುತ್ತಿದ್ದವು. ಅದೇ ಕಂದು ಮೈ, ಅದೇ ಹಳದಿ ಪಟ್ಟಿ. ಪಕ್ಕದ ಹೊಲದ ಅಮೀನುದ್ದೀನನ ಜೇನುಪೆಟ್ಟಿಗೆಗಳು ಖಾಲಿಯಾಗಿ ಎರಡು ತಿಂಗಳಾಗಿತ್ತು. ಹಾಗಾದರೆ ಇವು ಎಲ್ಲಿಯವು? ಹಿಡಿದದ್ದನ್ನು ಗಾಜಿನ ಲೋಟಕ್ಕೆ ಬಿಟ್ಟು, ಅಂಗೈಯಿಂದ ಮುಚ್ಚಿ ಬಿಸಿಲಿಗೆ ಹಿಡಿದಳು. ಮುಖದ ತುಂಬ ಕಣ್ಣು, ರೆಕ್ಕೆ ಎರಡೇ. ಜೇನಿಗೆ ನಾಲ್ಕು ರೆಕ್ಕೆ ಎಂದು ಚಿಕ್ಕಂದಿನಲ್ಲಿ ಕಲಿತದ್ದು ಈಗ ನೆನಪಾಗಬೇಕೆ! ಇದು ಜೇನಿನ ವೇಷ ತೊಟ್ಟ, ನಿಂತ ನೀರಿನಲ್ಲಿ ಹುಟ್ಟುವ ನೊಣ.

ಇನ್ನೂ ಮಾತು ಬಾರದ ಮೊಮ್ಮಗಳು ಇದೇ ಹೊಂಡದ ಬಳಿ ಅಂಗೈ ಊದಿಸಿಕೊಂಡು ಚೀರಿದಾಗ ಸುತ್ತ ಇವೇ ಹಾರುತ್ತಿದ್ದವು. ಸುನಂದಾ ಬದುವಿನ ಮೇಲೆ ನಿಂತು, ಆಳುಗಳೆಲ್ಲ ಕೇಳುವಂತೆ, ಅಮೀನುದ್ದೀನನ ಹೆಂಡತಿ ಪೀರಬಿಯನ್ನು ಬಾಯಿಗೆ ಬಂದಂತೆ ಬೈದಿದ್ದಳು. ಮರುದಿನವೇ ಅವರು ಜೇನನ್ನೆಲ್ಲ ಮನಗೂಳಿ ಊರಿನವರಿಗೆ ಕೊಟ್ಟುಬಿಟ್ಟರು. ಆಮೇಲೆ ಕೂಸಿನ ಅಂಗೈಯಿಂದ ಕೀವಿನ ಜೊತೆ ನಿಂಬೆ ಮುಳ್ಳು ಹೊರಬಂತು. ಆಗಲೂ, ಜೇನೂ ಕಚ್ಚಿರಬೇಕು ಎಂದು ತನ್ನನ್ನು ತಾನೇ ನಂಬಿಸಿಕೊಂಡಳು. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸುವವರಿರುತ್ತಾರೆ. ಇವಳು ತನ್ನ ನೊಣವನ್ನೇ ಪಕ್ಕದೆಲೆಗೆ ಹಾಕಿದ್ದಳು. ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು.

ಅಂದು ಎಳ್ಳಮಾವಾಸ್ಯೆ. ಪ್ರತಿವರ್ಷ ಬೆಳೆಗೆ ನೈವೇದ್ಯದ ಚರಗ ಚೆಲ್ಲಿದ ಮೇಲೆ ಹೊಲದ ಊಟಕ್ಕೆ ಮೊದಲ ಕರೆ ಪೀರಬಿಗೆ. ಈ ಸಲ ಕರೆದಿರಲಿಲ್ಲ. ಸುನಂದಾ ಲೋಟ ಹಿಡಿದೇ ಬದು ದಾಟಿದಳು.

ಪೀರಬಿ ಗುಡಿಸಲ ಮುಂದೆ ಶೇಂಗಾ ಸುಲಿಯುತ್ತಿದ್ದಳು. ಖಾಲಿ ಜೇನುಪೆಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂತಿತ್ತು.

"ಊಟಕ್ಕ ಕರಿಯಾಕ ಬಂದೇನಿ, ಪೀರಬಿ."

ಪೀರಬಿ ಗಡಬಡಿಸಿ ಎದ್ದಳು. "ಕೂಸಿನ ಕೈ ಬಾವು ಇಳೀತೇನ್ರಿ, ಅಕ್ಕಾರ? ನಮ್ಮ ಹುಳದಿಂದ ನಿಮಗ ಭಾಳ ತ್ರಾಸ ಆತ್ರಿ. ತಪ್ಪ ನಮ್ಮದ. ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

ಬೈದಿದ್ದರೂ ಸುನಂದಾಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಲೋಟವನ್ನು ಮುಂದೆ ಹಿಡಿದಳು. ಪೀರಬಿ ಬಗ್ಗಿ ನೋಡಿದಳು.

"ಇದು ನೊಣ ಐತಲ್ರಿ."

"ಹೂಂ. ನನ್ನ ಹೊಂಡದ್ದು. ಅವತ್ತೂ ಇವೇ ಇದ್ದವು. ಕೂಸಿಗಿ ನಟ್ಟಿದ್ದು ನಿಂಬಿ ಮುಳ್ಳು."

ಪೀರಬಿ ಊಟಕ್ಕೆ ಬರುತ್ತೇನೆಂದು ಹೇಳಲಿಲ್ಲ. ಕೋಳಿಯನ್ನು ಎಬ್ಬಿಸಿ, ತತ್ತಿಗಳನ್ನು ಒಂದೊಂದಾಗಿ ಬುಟ್ಟಿಗೆ ಇಳಿಸಿ, ಜೇನಿಗೆ ಮತ್ತೆ ಜಾಗ ಮಾಡುವಂತೆ ಪೆಟ್ಟಿಗೆಯೊಳಗಿನ ಹುಲ್ಲು ತೆಗೆಯತೊಡಗಿದಳು. ಪೆಟ್ಟಿಗೆ ಅಲ್ಲಾಡಿತು. ಸುನಂದಾ ಲೋಟ ಕೆಳಗಿಟ್ಟು, ಎರಡೂ ಕೈಯಿಂದ ಅದನ್ನು ಹಿಡಿದು ನಿಂತಳು.