ಹೊನ್ನಾರು ಬೇಡವೆಂದ ಜಾಗ

ಊರವರ ಎದುರು ಯಾವತ್ತೂ ದನಿ ಎತ್ತುವುದಿಲ್ಲ ಎಂದು ಮೈಮುನಾ ತನ್ನ ಅಬ್ಬಾನಿಗೆ ಮಾತು ಕೊಟ್ಟದ್ದು ಟೀಚರ್ ಕೆಲಸದ ಆರ್ಡರು ಕೈಗೆ ಬಂದ ದಿನ. ಅಬ್ಬಾ, ಅಂದರೆ ಅಬ್ದುಲ್ ಸತ್ತಾರ್, ಚಾಮರಾಜನಗರದಲ್ಲಿ ತಗಡು ಬಡಿಯುವ ಮನುಷ್ಯ. ಬಕೆಟ್ಟು, ಆಲಿಕೆ, ಗಿಡಕ್ಕೆ ನೀರು ಹಾಕುವ ಡಬ್ಬ ಮಾಡಿಕೊಂಡು, ಹೆಗಲ ಮೇಲೆ ಹೊತ್ತು, ಸಂತೆಯಿಂದ ಸಂತೆಗೆ ಸವೆದವನು. ಮಗಳಿಗೆ ಸರ್ಕಾರಿ ಕೆಲಸವಾಯಿತೆಂದು ಬೀದಿಗೆಲ್ಲ ಸಿಹಿ ಹಂಚಿ ಬಂದವನು ಅವಳನ್ನು ಎದುರಿಗೆ ಕೂರಿಸಿಕೊಂಡು ತನ್ನ ಕಸುಬು ಕಲಿಸಿದ ಒಂದೇ ಒಂದು ಪಾಠ ಹೇಳಿದ. ನಾವು ಮಾರುವ ಜನ, ಬೇಟಿ. ಮಾರುವವನು ಗಿರಾಕಿಗೆ ಎದುರಾಡಿದರೆ ಹೋಗುವುದು ಅವತ್ತಿನ ವ್ಯಾಪಾರವಲ್ಲ, ಆ ಊರೇ ಹೋಗುತ್ತದೆ. ನೀನು ಹೋಗುವುದೂ ಅವರ ಊರಿಗೆ. ಅವರ ಮಕ್ಕಳು, ಅವರ ಸ್ಕೂಲು. ಅವರು ಏನಾದರೂ ಅಂದರೆ ನುಂಗಿಕೋ. ಮಾತು ಕೊಡು.

ಅವಳು ಕೊಟ್ಟಳು. ಕೊಟ್ಟ ಮಾತನ್ನು ವರ್ಷಗಟ್ಟಲೆ ಹಿತ್ತಾಳೆ ಚೊಂಬಿನ ಹಾಗೆ ಬೆಳಗಿ ಇಟ್ಟುಕೊಂಡಿದ್ದಳು ಕೂಡ. ಮದುವೆಯಾಗಿ ಗುಂಡ್ಲುಪೇಟೆಗೆ ಬಂದಳು, ಬೇಗೂರಿನಿಂದ ಒಳಕ್ಕೆ ನಡೆಯುವ ಒಂದು ಊರಿನ ಶಾಲೆಗೆ ವರ್ಗವಾಯಿತು, ಮಗಳು ಮಹೀನ್ ಹುಟ್ಟಿ ತಾನೂ ಸ್ಕೂಲಿಗೆ ಹೋಗುವಷ್ಟಾದಳು. ಬೆಳಗ್ಗೆ ಎರಡು ಟಿಫಿನ್ ಡಬ್ಬ ಕಟ್ಟಿ, ಗಂಡ ತೌಸಿಫನನ್ನು ಅವನ ಗ್ಯಾರೇಜಿಗೆ ಕಳಿಸಿ, ಮೈಸೂರು ಕಡೆಯ ಬಸ್ಸಿನಲ್ಲಿ ನಿಂತುಕೊಂಡೇ ಬೇಗೂರಿಗೆ ಬಂದು, ಅಲ್ಲಿಂದ ಆಟೊ ಸಿಕ್ಕರೆ ಆಟೊ, ಇಲ್ಲದಿದ್ದರೆ ಕಾಲು. ಶಾಲೆಯಲ್ಲಿ ಯಾರು ಏನೇ ಹೇಳಲಿ, ಅವಳ ಉತ್ತರ ಒಂದೇ: ಆಯ್ತು ಬಿಡಿ. ಜನಗಣತಿ ಮಾಡಿ, ಆಯ್ತು ಬಿಡಿ. ಬಿಸಿಯೂಟದ ಅಕ್ಕಿ ಅಳೆಸಿ, ಆಯ್ತು ಬಿಡಿ. ಬೆನ್ನ ಹಿಂದೆ ಸಹೋದ್ಯೋಗಿಗಳು ಅವಳಿಗೆ ಇಟ್ಟ ಹೆಸರೇ 'ಆಯ್ತುಬಿಡಿ ಮೇಡಂ'. ಅದು ಗೊತ್ತಾದಾಗಲೂ ಅವಳು ಆಯ್ತು ಬಿಡಿ ಅಂದುಕೊಂಡಳು.

ಶಾಲೆಯ ಹಿಂದೆ ಬೇಲಿ ಕಟ್ಟಿದ ಒಂದು ತುಂಡು ನೆಲವಿತ್ತು. ಎಂಟು ಎಮ್ಮೆ ಕಟ್ಟಿದರೆ ತುಂಬಿಹೋಗುವಷ್ಟು ಜಾಗ. ಅದರಾಚೆಗೆ ಪುಟ್ಟಮಾದುವಿನ ಹೊಲ. ಪುಟ್ಟಮಾದುವಿನ ಮಗಳು ಕುಮಾರಿ ಏಳನೇ ಕ್ಲಾಸಿನಲ್ಲಿದ್ದಳು. ಅಪ್ಪನಿಗೆ ಮಾತಿಗೆ ಮಾತು ಜೋಡಿಸುವುದರಲ್ಲಿ ಅವಳದು ಎತ್ತಿದ ಕೈ. ಹಿಂದಿನ ವರ್ಷ ಬೇಸಿಗೆಯಲ್ಲಿ ಅಪ್ಪ ಮಗಳಿಗೆ ಜಗಳ ಹತ್ತಿತು. ಉಳದೆ ಬಿಟ್ಟ ನೆಲ ನೀರು ಕುಡಿಯುವುದೇ ಇಲ್ಲ, ಮಳೆ ಬಂದರೆ ಹಾಗೇ ಜಾರಿ ಹೋಗುತ್ತೆ ಎಂದು ಅಪ್ಪ. ಹುಲ್ಲು, ತರಗು ಮುಚ್ಚಿಕೊಂಡ ನೆಲದಲ್ಲೇ ತೇವ ಜಾಸ್ತಿ ಎಂದು ಮಗಳು. ಜಗಳ ಮನೆಯಿಂದ ಕ್ಲಾಸಿಗೆ ಬಂತು. ಮೈಮುನಾ ವಿಜ್ಞಾನ ಹೇಳುವವಳು. ಆದರೆ ಮಣ್ಣಿನ ವಿಷಯ ಅವಳಿಗೆ ಪುಸ್ತಕದಲ್ಲಿದ್ದಷ್ಟೇ ಗೊತ್ತು. ತಗಡಿನ ಮನೆಯಲ್ಲಿ ಹುಟ್ಟಿದವಳು, ಅಂಗೈಗೆ ಮಣ್ಣು ಮೆತ್ತಿಸಿಕೊಂಡವಳಲ್ಲ. ನನಗೂ ಗೊತ್ತಿಲ್ಲ, ನೋಡೇಬಿಡೋಣ ಅಂದಳು.

ಹಾಗೆ ಶುರುವಾಯಿತು. ಬೇಲಿಯೊಳಗಿನ ಜಾಗಕ್ಕೆ ಒಂದು ವರ್ಷ ನೇಗಿಲು ತಾಗಬಾರದು, ಕೈನೀರು ಬೀಳಬಾರದು. ಬಂದದ್ದು ಬರಲಿ, ಒಣಗಿದ್ದು ಒಣಗಲಿ. ವಾರಕ್ಕೊಮ್ಮೆ ಮಕ್ಕಳು ಇಲ್ಲೊಂದು, ಪುಟ್ಟಮಾದುವಿನ ಹೊಲದಲ್ಲೊಂದು ಗುಳಿ ತೋಡಿ, ಒಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅಮುಕುವುದು. ಹುಡಿಯಾಗಿ ಉದುರಿದರೆ ಹದ ಇಲ್ಲ. ಉಂಡೆಯಾಗಿ ಬೆರಳು ತಾಗಿದ ಕೂಡಲೇ ಒಡೆದರೆ ಅರೆಹದ. ಉಂಡೆ ನಿಂತರೆ ಹದ. ಮುಂಗಾರಿನಲ್ಲಿ ತುಂಬೆ ಎದ್ದು ಹೂ ಬಿಟ್ಟಿತು, ಆಮೇಲೆ ಉತ್ತರಾಣಿ ಎಲ್ಲರ ಲಂಗಕ್ಕೂ ಚಡ್ಡಿಗೂ ಅಂಟಿತು, ದೀಪಾವಳಿ ಕಳೆದ ಮೇಲೆ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿ ಮಲಗಿತು. ಮೈಮುನಾಳ ಸೀರೆಯ ಅಂಚಿನಲ್ಲಿ ಯಾವಾಗಲೂ ಕೆಂಪು ಮಣ್ಣು. ಮನೆಯಲ್ಲಿ ಮಹೀನ್ ಕೂಡ ಹೂಕುಂಡದ ಮಣ್ಣು ಹಿಡಿದು ಅಮುಕಿ, ಅರೆಹದ ಅಮ್ಮೀ ಎಂದು ವರದಿ ಒಪ್ಪಿಸತೊಡಗಿದಳು. ಇಷ್ಟು ವರ್ಷದ ಕೆಲಸದಲ್ಲಿ, ಯಾರೂ ಮಾಡು ಅನ್ನದೆ ಮೈಮುನಾ ಮಾಡಿದ ಮೊದಲ ಕೆಲಸ ಅದು.

ಉಳಿದದ್ದು ಒಂದೇ. ಬೇಸಿಗೆ ಕಳೆದು ಹೊಸ ವರ್ಷದ ಮೊದಲ ಮಳೆ ಬೀಳಬೇಕು, ಬಿದ್ದ ಮರುದಿನ ಎರಡೂ ಕಡೆ ತೋಡಿ, ನೀರು ಎಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಬೇಕು. ಅದಾದರೆ ಜಗಳ ತೀರಿತು.

ಮಳೆಗಿಂತ ಮೊದಲು ಯುಗಾದಿ ಬಂತು. 2006ನೇ ಇಸವಿಯದು.

ಯುಗಾದಿಯ ದಿನ ಆ ಸೀಮೆಯಲ್ಲಿ ಹೊನ್ನಾರು ಕಟ್ಟುತ್ತಾರೆ. ಊರಿನ ಯಾವ ನೇಗಿಲೂ ನೆಲ ಮುಟ್ಟುವ ಮೊದಲು, ಈ ವರ್ಷ ಯಾರ ಹೆಸರಿಗೆ, ಯಾವ ಬಣ್ಣದ ಎತ್ತಿಗೆ ಬಂದಿದೆ ಎಂದು ಪಂಚಾಂಗ ನೋಡಿಸಿ, ಆ ಜೋಡಿಯಿಂದ ಮೊದಲ ಸಾಲು ಹೊಡೆಸುವುದು. ಆ ಸಾಲು ಬಿದ್ದ ಹೊಲಕ್ಕೆ ಊರೆಲ್ಲ ಕೈ ಮುಗಿಯುತ್ತದೆ. ಈ ವರ್ಷ ಪುಟ್ಟಮಾದುವಿನ ಹೆಸರು, ಕೆಂದೆತ್ತು. ಸಾಲು ಎಲ್ಲಿ ಎನ್ನುವುದನ್ನು ಹಿರೀಕರು ತೀರ್ಮಾನಿಸಬೇಕು. ಶಾಲಾ ಸಮಿತಿಯ ಅಧ್ಯಕ್ಷ ಗುರುಪಾದಸ್ವಾಮಿ ಹಬ್ಬಕ್ಕೆ ವಾರ ಇರುವಾಗ ಪ್ರಾರ್ಥನೆಯ ಹೊತ್ತಿಗೇ ಬಂದು, ಮಕ್ಕಳ ಮುಂದೆ ನಿಂತು ಹೇಳಿದ: ಈ ಸಾರಿ ಹೊನ್ನಾರು ಶಾಲೆಯ ಹಿಂದಿನ ಜಾಗದಲ್ಲಿ. ಮಕ್ಕಳು ಇಷ್ಟು ಪ್ರೀತಿಯಿಂದ ನೋಡಿಕೊಂಡ ನೆಲ, ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದಕ್ಕೆ ಕೊಡೋಣ?

ಅವನು ಕೆಟ್ಟವನಲ್ಲ. ಶಾಲೆಗೆ ಬೋರು ಹಾಕಿಸಿದವನು, ಮಳೆ ಸೋರುವ ಹೆಂಚು ಬದಲಾಯಿಸಿದವನು. ಒಂದು ವರ್ಷ ನೇಗಿಲು ಕಾಣದ ನೆಲವನ್ನು ನೋಡಿ ಅವನಿಗೆ ಪಾಪ ಅನಿಸಿತ್ತು, ಎಣ್ಣೆ ಕಾಣದ ತಲೆಯನ್ನು ನೋಡಿದಂತೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮೈಮುನಾಳ ಬಾಯಿಂದ ಅಭ್ಯಾಸಬಲದಿಂದ ಬಂದದ್ದು ಅದೇ: ಆಯ್ತು ಬಿಡಿ.

ಕುಮಾರಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕ್ಲಾಸಿಗೆ ಬಂದ ಮೇಲೆ, "ಉತ್ತುಬುಟ್ರೆ ಎರಡೂ ಒಂದೇ ಆಯ್ತದಲ್ಲ ಮಿಸ್, ನೋಡದೇನು?" ಅಂದಳು.

ಆ ಪ್ರಶ್ನೆ ಮೈಮುನಾಳ ಜೊತೆ ಬಸ್ಸು ಹತ್ತಿತು. ರೊಟ್ಟಿ ತಟ್ಟುವಾಗ, ಮಹೀನ್ ಜಡೆ ಹೆಣೆಯುವಾಗ ಪಕ್ಕದಲ್ಲೇ ನಿಂತಿತ್ತು. ದನಿ ಎತ್ತದೆ ಏನೇನು ಮಾಡಬಹುದೋ ಎಲ್ಲ ಮಾಡಿ ನೋಡಿದಳು. ಹೆಡ್‌ಮಾಸ್ಟರರಿಗೆ ಹೇಳಿದಳು, ಊರು ತಾನಾಗಿ ಕೊಡುವ ಗೌರವವನ್ನು ಬೇಡ ಅಂದರೆ ನಾವಿಬ್ಬರೂ ಗಂಟುಮೂಟೆ ಕಟ್ಟಬೇಕಾಗುತ್ತೆ ಎಂದು ಅವರು ನಕ್ಕರು. ಗುರುಪಾದಸ್ವಾಮಿಯ ಮನೆಗೇ ಹೋಗಿ, ಮಳೆ ಬೀಳುವವರೆಗೆ ತಡೆಯಬಹುದಾ ಎಂದು ಕೇಳಿದಳು. ಅವನು ಕಾಫಿ ಕೊಡಿಸಿ, ಯುಗಾದಿಯನ್ನು ಮುಂದಕ್ಕೆ ಹಾಕೋಕೆ ಆಗುತ್ತೇನಮ್ಮ ಅಂದ. ತೌಸಿಫ್, ಒಂದು ತುಂಡು ಜಾಗಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀಯಾ, ಇನ್ನೊಂದು ಕಡೆ ಬೇಲಿ ಕಟ್ಟು ಅಂದ. ಇನ್ನೊಂದು ಕಡೆ ಕಟ್ಟಬಹುದಿತ್ತು. ಕಳೆದ ವರ್ಷವನ್ನು ಎಲ್ಲಿಂದ ತಂದು ಅದರೊಳಗೆ ಹಾಕುವುದು?

ಹಬ್ಬದ ಬೆಳಗ್ಗೆ, ರಜೆಯ ದಿನ, ಅವಳು ಖಾಲಿ ಬಸ್ಸಿನಲ್ಲಿ ಕೂತು ಬೇಗೂರಿಗೆ ಬಂದಳು. ಶಾಲೆಯ ಹಿಂದೆ ಜನ ಸೇರಿತ್ತು. ಕೆಂದೆತ್ತುಗಳ ಕೊಂಬಿಗೆ ಬಣ್ಣ, ನೊಗಕ್ಕೆ ಮಾವಿನ ಸೊಪ್ಪು, ಹಣೆಗೆ ಅರಿಶಿನ. ಗುರುಪಾದಸ್ವಾಮಿ ಹೊಸ ಪಂಚೆಯಲ್ಲಿ ಬೇವುಬೆಲ್ಲದ ತಟ್ಟೆ ಹಿಡಿದಿದ್ದ. ಅವಳನ್ನು ಕಂಡು ಅವನಿಗೆ ನಿಜಕ್ಕೂ ಸಂತೋಷವಾಯಿತು. ರಜೆ ಬಿಟ್ಟು ಬಂದಿದ್ದೀರಿ ಎಂದು ಮೊದಲು ಅವಳ ಅಂಗೈಗೇ ಬೇವುಬೆಲ್ಲ ಹಾಕಿದ. ಅವಳು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದಳು. ಆಮೇಲೆ ಹೋಗಿ ಬೇಲಿಯ ಬಾಗಿಲಿಗಿದ್ದ ತಡಿಕೆಗೆ ಬೆನ್ನು ಕೊಟ್ಟು ನಿಂತಳು.

"ಸ್ವಾಮಿಯೋರೆ, ಈ ಜಾಗ ಉಳೋದು ಬೇಡ."

ಅವನು ನಕ್ಕ. ಹಬ್ಬದ ದಿನ ತಮಾಷೆಯೇ ಎಂದು ಕೇಳಿದ. ಅವಳು ನಗಲಿಲ್ಲ. ವರ್ಷವಿಡೀ ಮಕ್ಕಳು ಏನು ನೋಡುತ್ತಿದ್ದಾರೆ, ಇನ್ನೇನು ನೋಡುವುದು ಬಾಕಿ ಇದೆ, ಒಂದು ಸಾಲು ಬಿದ್ದರೂ ಅದು ಹೇಗೆ ಹಾಳಾಗುತ್ತದೆ ಎಂದು ಹೇಳಿದಳು. ಹೇಳುತ್ತ ಹೇಳುತ್ತ ತನ್ನ ದನಿ ಏರುತ್ತಿರುವುದು ಅವಳಿಗೇ ಕೇಳಿಸಿತು. ಇಳಿಸಲಿಲ್ಲ.

ಗುರುಪಾದಸ್ವಾಮಿಯ ಮುಖ ಕೆಂಪಾಯಿತು. "ಊರೇ ನಿಮ್ಮ ಬಾಗಿಲಿಗೆ ಮರ್ವಾದಿ ತಂದದೆ ಮೇಷ್ಟ್ರಮ್ಮ. ಕಾಲಲ್ಲಿ ಒದೀತಾ ಇದೀರಿ."

"ಒದೀತಾ ಇಲ್ಲ, ಬೇಡ ಅಂತಾ ಇದೀನಿ. ಬೇಡ ಅನ್ನೋಕೆ ಬಿಡದೇ ಇದ್ರೆ ಅದು ಮರ್ಯಾದೆ ಅಲ್ಲ ಸ್ವಾಮಿ, ಹೇರು. ಎತ್ತಿನ ಬೆನ್ನ ಮೇಲೆ ಹೇರಿ, ನನ್ನ ಮೇಲಲ್ಲ."

ಹಿಂದಿನಿಂದ ಯಾರೋ ಅಂದರು, "ಅವ್ರಿಗೇನು ಗೊತ್ತಾದದು ಬುಡ್ಲಾ ನಮ್ ಹೊನ್ನಾರು."

ಇಂಥ ಮಾತನ್ನು ಮೈಮುನಾ ಎಷ್ಟು ಸಲ ನುಂಗಿದ್ದಳೋ. ಇವತ್ತು ಬೇವು ನುಂಗಿದ್ದ ಗಂಟಲು ಅದನ್ನು ಒಳಗೆ ಬಿಡಲಿಲ್ಲ. "ಗೊತ್ತಿರಲಿಲ್ಲ," ಅಂದಳು, ದನಿ ಬಂದ ಕಡೆಗೇ ತಿರುಗಿ. "ಕೇಳಿ ತಿಳ್ಕೊಂಡೆ. ಈ ಬೇಲಿ ಒಳಗೆ ನಿಮ್ಮ ಮಕ್ಕಳು ಏನು ಮಾಡ್ತಾ ಇದಾರೆ ಅಂತ ನೀವು ಯಾವತ್ತಾದ್ರೂ ಕೇಳಿದ್ರಾ?"

ಗುರುಪಾದಸ್ವಾಮಿ, ಜಾಗ ಶಾಲೆಯದು, ಶಾಲೆ ಊರಿನದು, ನಾನು ಅಧ್ಯಕ್ಷ, ಸರಿಯಿರಿ ಅಂದ. ಎಲ್ಲ ನಿಜ, ಆದರೂ ಸರಿಯುವುದಿಲ್ಲ ಎಂದು ಮೈಮುನಾ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ತಡಿಕೆಯ ಮುಂದೆ ನೆಲದ ಮೇಲೇ ಕೂತುಬಿಟ್ಟಳು. ಕುಮಾರಿ ಬಂದು ಪಕ್ಕದಲ್ಲಿ ಕೂತಳು. ಹೊಸ ಲಂಗ ಕಣಮ್ಮಿ, ಏಳು ಎಂದು ಪುಟ್ಟಮಾದು ಗದರಿದರೂ ಏಳಲಿಲ್ಲ.

ಬಿಸಿಯೂಟದ ಅಡಿಗೆಯ ಶಾಂತಮಲ್ಲಮ್ಮ ಗುಂಪಿನ ಅಂಚಿನಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. "ಎತ್ತು ಬಿಸ್ಲಲ್ಲಿ ನಿಲ್ಸಿ ಎಂಗಸ್ರ ತಾವು ವಾದ ಮಾಡ್ತಾ ಕೂತವ್ರೆ," ಅಂದಳು. "ಗಳಿಗೆ ಮೀರೋದ್ರೆ ಆಮೇಲೆ ಮಳೆ ಬರ್ಲಿಲ್ಲ ಅಂತ ಅದ್ನೂ ಅವ್ರ ತಲೆಗೇ ಕಟ್ರಪ್ಪ."

ಕೆಲವರು ನಕ್ಕರು. ಪುಟ್ಟಮಾದು ಎತ್ತಿನ ಹಗ್ಗ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಸ್ವಾಮಿ, ಎಸ್ರು ನಂದು, ಎತ್ತು ನಂದು. ಸಾಲು ನನ್ನೊಲ್ದಲ್ಲೇ ಒಡೀತೀನಿ, ನಡೀರಿ ಓಗನ." ಆಮೇಲೆ ಮಗಳ ಕಡೆ ನೋಡಿ, "ಇವ್ಳು ಸೋಲದ್ನ ನಾನೂ ಕಣ್ಣಾರೆ ನೋಡ್ಬೇಕು," ಅಂದ.

ಎತ್ತು ಆಚೆ ತಿರುಗಿದವು, ಜನವೂ ತಿರುಗಿತು. ಗುರುಪಾದಸ್ವಾಮಿ ಕೊನೆಗೆ ಹೊರಟವನು, ಈ ಊರಿಗೆ ಬಂದು ತುಂಬ ವರ್ಷವಾಯಿತಲ್ಲ ಮೇಷ್ಟ್ರಮ್ಮ, ಮೇಲಿನವರಿಗೆ ಬರೆದು ಬೇರೆ ಕಡೆ ಹಾಕಿಸೋಣ ಅಂದ. ಮೈಮುನಾ ಕೂತಲ್ಲಿಂದಲೇ, ಬರೀರಿ, ಮಳೆ ಬರೋವರೆಗೂ ನಾನು ಇಲ್ಲೇ ಇರ್ತೀನಿ ಅಂದಳು.

ಮಳೆ ಬಂದದ್ದು ಬೇಸಿಗೆ ರಜೆಯಲ್ಲಿ, ಒಂದು ಸಂಜೆ, ಗುಡುಗಿಗಿಂತ ಗಾಳಿಯೇ ಜಾಸ್ತಿಯಾಗಿ. ಮರುದಿನ ಮೈಮುನಾ ಮಹೀನಳನ್ನೂ ಕರೆದುಕೊಂಡು ಹೋದಳು. ಮಕ್ಕಳು ಆಗಲೇ ಹಾರೆ ಹಿಡಿದು ಕಾದಿದ್ದರು. ಬೇಲಿಯೊಳಗೆ ತೋಡಿದರು: ನೀರು ಗೇಣುದ್ದ ಕೂಡ ಇಳಿದಿರಲಿಲ್ಲ, ಅದರ ಕೆಳಗಿನ ಮಣ್ಣು ಅಮುಕಿದರೆ ಹುಡಿ. ಪುಟ್ಟಮಾದುವಿನ ಉತ್ತ ಹೊಲದಲ್ಲಿ ತೋಡಿದರು: ಮೊಣಕೈವರೆಗೂ ಒದ್ದೆ, ಉಂಡೆ ಕಲ್ಲಿನಂತೆ ನಿಂತಿತು. ಪುಟ್ಟಮಾದು ಒಡ್ಡಿನ ಮೇಲೆ ಕೂತು ಬೀಡಿ ಹಚ್ಚಿಕೊಂಡ. ಕುಮಾರಿಯ ಮೂಗು ಕೆಂಪಾಯಿತು. ಮೇಲಿಂದ ಬಂದದ್ದು ನೋಡಿದೆವು, ಒಳಗೆ ಎಷ್ಟು ದಿನ ನಿಲ್ಲುತ್ತೆ ಅದನ್ನೂ ನೋಡಬೇಕು ಎಂದು ಹಟ ಹಿಡಿದಳು. ನೋಡೋಣ ಅಂದಳು ಮೈಮುನಾ. ಆದರೆ ಅವತ್ತು ಕಂಡದ್ದನ್ನು ಕಂಡಂತೆಯೇ ದೊಡ್ಡ ಹಾಳೆಯಲ್ಲಿ ಬರೆಸಿ ಕ್ಲಾಸಿನ ಗೋಡೆಗೆ ಅಂಟಿಸಿದಳು: ಮೊದಲ ಮಳೆ, ಉತ್ತ ನೆಲ ಗೆದ್ದಿತು.

ಸುದ್ದಿ ಗುರುಪಾದಸ್ವಾಮಿಗೆ ಮುಟ್ಟದೆ ಇರುತ್ತದೆಯೇ? ದಾರಿಯಲ್ಲಿ ಸಿಕ್ಕವನು ಬೈಕು ನಿಲ್ಲಿಸಿ, "ಏನಮ್ಮ, ನಾನು ಹೇಳಿದಂಗೆ ಅವತ್ತೇ ಉತ್ತಿದ್ರೆ ನಿಮ್ಮ ಜಾಗಾನೂ ನೀರು ಕುಡೀತಿತ್ತು," ಅಂದ.

"ಕುಡೀತಿತ್ತು," ಅಂದಳು ಮೈಮುನಾ. "ಉತ್ತಿದ್ದಕ್ಕೇ ಕುಡೀತು ಅಂತ ಗೊತ್ತಾಗ್ತಾ ಇರಲಿಲ್ಲ."

ಅವನು ಬೈಕಿನ ಕಿಕ್ಕರ್ ಒದ್ದ. ವರ್ಗಾವಣೆಯ ಅರ್ಜಿ ಹೋಗಿದೆ ಎಂದು ಹೆಡ್‌ಮಾಸ್ಟರರು ಆಮೇಲೆ ಹೇಳಿದರು. ಹೋಗಲಿ ಅಂದಳು. ಆಯ್ತು ಬಿಡಿ ಅನ್ನಲಿಲ್ಲ.

ಆ ವಾರವೇ ಅಬ್ಬಾ ಗುಂಡ್ಲುಪೇಟೆಗೆ ಬಂದ. ಸಂತೆಯಲ್ಲಿ ಯಾರೋ ಗಿರಾಕಿ, ನಿಮ್ಮ ಮಗಳು ಹೊನ್ನಾರನ್ನೇ ಬೇಲಿಯಿಂದ ಆಚೆ ಕಳಿಸಿದಳಂತಲ್ಲ ಸಾಬ್ರೇ ಎಂದಿದ್ದ. ಚಹಾ ಮುಟ್ಟದೆ ಕೂತು, ಮಗಳ ಮುಖವನ್ನೇ ನೋಡುತ್ತ ಕೇಳಿದ, ನಿಜವೇ, ಊರವರ ಎದುರು ದನಿ ಎತ್ತಿದೆಯಾ?

"ಎತ್ತಿದೆ ಅಬ್ಬಾ. ನಾನು ಅಲ್ಲಿಗೆ ಮಾರೋಕೆ ಹೋಗಿಲ್ಲ, ಕಲಿಸೋಕೆ ಹೋಗಿದೀನಿ. ನಾಳೆ ಇಂಥದ್ದೇ ಬಂದರೂ ಎತ್ತುತ್ತೀನಿ."

ಅವನು ಚಹಾ ಆರಿದ ಮೇಲೆ ಕುಡಿದ. ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ಸಂಜೆ ಬಸ್ಸಿಗೆ ಚಾಮರಾಜನಗರಕ್ಕೆ ಹೋದ.

ಅಪ್ಪನಿಗೆ ಕೊಟ್ಟ ಮಾತನ್ನು ಮೈಮುನಾ ಮುರಿದಳು.