ಸದ್ದಿಲ್ಲದ ಮನೆ

ದೊಡ್ಡಬಳ್ಳಾಪುರದ ಮಗ್ಗದ ಬೀದಿಗೆ ರಾಮಾಂಜಿನಪ್ಪನವರ ಹೆಸರಿಡಬೇಕೆಂದು ನಗರಸಭೆ ತೀರ್ಮಾನಿಸಿದಾಗ ಅವರು ಬಾಯಲ್ಲಿ ‘ಯಾಕಪ್ಪಾ ಇವೆಲ್ಲ’ ಅಂದರು, ಒಳಗೊಳಗೇ ಹಿಗ್ಗಿದರು. ಎಂಬತ್ತೆಂಟು ವರ್ಷವಾದರೇನು, ಹೊಗಳಿಕೆ ಯಾರಿಗೆ ಕಹಿ? ಯೋಗ್ಯತೆಯೂ ಇತ್ತೆನ್ನಿ. ನೇಕಾರರು ಬ್ಯಾಂಕಿನ ಮೆಟ್ಟಿಲನ್ನೇ ಕಾಣದ ಕಾಲದಲ್ಲಿ, ಬಾಡಿಗೆ ಅಂಗಡಿಯಲ್ಲಿ ಒಂದು ಮೇಜು, ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟುಕೊಂಡು ಸಹಕಾರಿ ಬ್ಯಾಂಕು ತೆರೆದವರು. ಆಮೇಲೆ ಪುರಸಭೆಯ ಅಧ್ಯಕ್ಷರಾಗಿ ಇದೇ ಬೀದಿಗೆ ನಲ್ಲಿ ನೀರು ತಂದವರು.

ಸಾಲ ಕೊಡುವುದರಲ್ಲಿ ಅವರದೇ ಒಂದು ಕ್ರಮ. ದಿನಾ ಬೆಳಗ್ಗೆ ಎಂಟಕ್ಕೆ ಬೀದಿಯುದ್ದಕ್ಕೂ ನಡೆದು, ಯಾರ ಮನೆಯ ಮಗ್ಗ ಓಡುತ್ತಿದೆ, ಯಾರದು ಸುಮ್ಮನಿದೆ ಎಂದು ಕಿವಿಗೊಟ್ಟು ಕೇಳುವರು. ಓಡುವ ಮಗ್ಗಕ್ಕೆ ಸಾಲ, ನಿಂತ ಮಗ್ಗಕ್ಕೆ ನಮಸ್ಕಾರ. ‘ಕಾಗದ ಸುಳ್ಳು ಹೇಳ್ತದೆ, ಮಗ್ಗ ಹೇಳಲ್ಲ’ ಎಂದು ಮೀಸೆ ತಿರುವುತ್ತಿದ್ದರು. ಬ್ಯಾಂಕು ಮುಳುಗಲಿಲ್ಲ, ಮೀಸೆಯೂ ಇಳಿಯಲಿಲ್ಲ.

ಈಗ ಹೆಸರಿಡಲು ಬೀದಿಯ ಮನೆಮನೆಯ ಒಪ್ಪಿಗೆ ಬೇಕಿತ್ತು. ವಾರ್ಡಿನ ಸದಸ್ಯ ಮಂಜೇಶ್ ಪಟ್ಟಿ ಹಿಡಿದು ಬಂದ.

“ಒಂದೇ ಮನೆ ಬಾಕಿ ಸಾರ್. ಬಶೀರುನ್ನೀಸಾ ಅಂತ ಒಂದಜ್ಜಿ. ಮೂರು ಸಲ ಹೋದೆ, ‘ಅವರೇ ಬರ್ಲಿ’ ಅಂತದೆ. ಬಿಟ್ಹಾಕಿ, ಒಂದು ಹೆಬ್ಬೆಟ್ಟಿಲ್ದಿದ್ರೆ ಆಕಾಶ ಬೀಳ್ತದಾ?”

“ಎಲ್ಲಾ ಮನೆ ಅಂದ್ರೆ ಎಲ್ಲಾ ಮನೆ ಕಣಪ್ಪ,” ಎಂದು ರಾಮಾಂಜಿನಪ್ಪ ಅವನಿಂದ ಪಟ್ಟಿ ಇಸಿದುಕೊಂಡು ಕೋಲು ತೆಗೆದುಕೊಂಡರು.

ಬಶೀರುನ್ನೀಸಾ ಹಜಾರದಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ಮಗಳು, ಐವತ್ತರ ಹತ್ತಿರದ ಶಾಝಿಯಾ, ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

“ಬಂದ್ರಾ? ನಲವತ್ತು ವರ್ಷ ಆಯ್ತು,” ಎಂದಳು ಮುದುಕಿ.

“ಏನಮ್ಮಾ, ನನ್ಮೇಲೆ ಕೋಪಾನಾ?”

“ನಮ್ಮೆಜಮಾನ್ರು ಅಬ್ದುಲ್ ರಜಾಕ್ ತೀರ್ಕೊಂಡ ವರ್ಷ ನಿಮ್ ಬ್ಯಾಂಕಿಗೆ ಅರ್ಜಿ ಹಾಕಿದ್ದೆ. ‘ಮಗ್ಗ ನಿಂತ ಮನೆ’ ಅಂತ ಬರೆದು ವಾಪಸ್ ಕಳ್ಸಿದ್ರಿ. ಮಗ್ಗದ ಮೋಟರು ಸುಟ್ಟೋಗಿತ್ತು ಸ್ವಾಮಿ. ಅದನ್ನ ಕಟ್ಟಿಸೋಕೇ ಸಾಲ ಕೇಳಿದ್ದು. ಆರು ಮನೇದು ಕಂಡಿಕೆ ಸುತ್ತಿ ಹೊಟ್ಟೆ ಹೊರೀತಿದ್ದೆ, ನೀವು ಕೊಟ್ಟಿದ್ರೆ ಸಾಲಾನೂ ತೀರಿಸ್ತಿದ್ದೆ. ರಾಟೆ ಸದ್ದು ಬೀದಿಗೆಲ್ಲಿ ಕೇಳ್ಬೇಕು?”

ರಾಮಾಂಜಿನಪ್ಪನವರಿಗೆ ಆ ಅರ್ಜಿ ನೆನಪಾಗಲಿಲ್ಲ, ಅದೇ ಅವರನ್ನು ಹೆಚ್ಚು ಚುಚ್ಚಿತು. ಅಂಥವು ಇನ್ನೆಷ್ಟು ವಾಪಸ್ಸಾಗಿದ್ದವೋ! ಓದುವ ಮೊದಲೇ ಕಿವಿ ತೀರ್ಪು ಕೊಟ್ಟಿರಬೇಕು.

“ಮಗ್ಗ ಗುಜರಿಗೆ ಹೋಯ್ತು. ಇವಳನ್ನ ಮೂರನೇ ಕ್ಲಾಸಿಗೇ ಬಿಡಿಸಿ ರಾಟೆ ಮುಂದೆ ಕೂರಿಸ್ದೆ. ನಮ್ ಬಾಗ್ಲು ಮುಂದೇನೇ ದಿನಾ ಹೋಗ್ತಿದ್ರಿ. ಒಂದಿನ ತಟ್ಟಿ ಕೇಳಿದ್ರೆ ಆಗ್ತಿತ್ತು.”

ರಾಮಾಂಜಿನಪ್ಪ ಪಟ್ಟಿಯನ್ನು ಮಡಚತೊಡಗಿದರು.

“ಕೊಡಿ ಇತ್ಲಾಗೆ,” ಎಂದು ಮುದುಕಿ ಪಟ್ಟಿ ಎಳೆದುಕೊಂಡು ಹೆಬ್ಬೆಟ್ಟು ಒತ್ತಿಯೇಬಿಟ್ಟಳು. “ನಿಮ್ ನಲ್ಲಿ ನೀರು ನಾನೂ ಕುಡ್ದಿದೀನಿ. ಇಲ್ಲ ಅನ್ನೋಕಾಗ್ತದಾ? ನೀವು ಒಂದ್ಸಲ ಈ ಹೊಸ್ತಿಲು ತುಳೀಬೇಕು ಅಂತಿದ್ದೆ, ಅಷ್ಟೇ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ರಾಮಾಂಜಿನಪ್ಪ ಪಟ್ಟಿಯನ್ನು ಮಂಡಿಯ ಮೇಲಿಟ್ಟುಕೊಂಡರು. ಕೆಳಗೆ ‘ಆಕ್ಷೇಪಣೆ ಇದ್ದಲ್ಲಿ’ ಎಂಬ ಜಾಗ ಖಾಲಿ ಇತ್ತು. ಅಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು.

“ಏನ್ ಬರೆದ್ರು, ನೋಡೇ,” ಎಂದು ಮುದುಕಿ ಕಾಗದವನ್ನು ಮಗಳಿಗೆ ಕೊಟ್ಟಳು.

ಶಾಝಿಯಾ ಅಕ್ಷರದ ಮೇಲೆ ಬೆರಳಿಟ್ಟು, ಒಂದೊಂದನ್ನೇ ಕೂಡಿಸಿಕೊಂಡು ಓದತೊಡಗಿದಳು: “ಬೀ...ದಿ...ಗೆ... ಈ... ಹೆ...ಸರು... ಬೇ...ಡ. ನಾ...ನು... ಒಂ...ದು... ಮಗು...ವಿನ...”

ಮುಂದಿನದು ‘ವಿದ್ಯೆ’, ಒತ್ತಕ್ಷರ. ಅವಳಿಗೆ ಅದು ಬರಲಿಲ್ಲ.